ಹುಳದ ಮೇಲೊಂದು ಹಿಡಿ ಕೊಸರು

ಹೈದರಾಬಾದಿನ ಜೀಡಿಮೆಟ್ಲಾದ ಕಾರ್ಖಾನೆಗಳಲ್ಲಿ ರಾತ್ರಿ ಪಾಳಿ ಇನ್ನೂ ಬಿಟ್ಟಿಲ್ಲ. ಅವುಗಳ ಬೆನ್ನಿಗಿರುವ ತಗಡಿನ ಮನೆಗಳ ಓಣಿಯಲ್ಲಿ ಒಂದೇ ಒಂದು ಬಾಗಿಲು ತೆರೆದಿದೆ. ಒಳಗೆ ನೆಲದ ಮೇಲೆ ಕಾಲು ಚಾಚಿ ಕೂತ ಸಾಬಮ್ಮ ಜರಡಿ ಆಡಿಸುತ್ತಿದ್ದಾರೆ. ಗೋಧಿ ಬೂಸಾ ಸರಸರನೆ ಕೆಳಗಿಳಿಯುತ್ತದೆ, ಜರಡಿಯಲ್ಲಿ ಉಳಿಯುವುದು ಹುಳ. ಒಂದಲ್ಲ, ಎರಡಲ್ಲ, ಜರಡಿ ತುಂಬ! ಹೊಂಬಣ್ಣದ ನುಣುಪು ಹುಳಗಳು ಶಾವಿಗೆಯ ತುಂಡುಗಳಂತೆ ಒಂದರ ಮೇಲೊಂದು ಹೊರಳಾಡುತ್ತಿವೆ. ನೋಡಲು ಬಂದವರ ಮೈ ಜುಮ್ಮೆನ್ನುತ್ತದೆ. ಸಾಬಮ್ಮ ಮಾತ್ರ ಅಕ್ಕಿ ಆರಿಸುವವರ ನಿರಾಳದಲ್ಲಿ ಬೆರಳಾಡಿಸಿ, ಸತ್ತವನ್ನು ಒಂದು ಕಡೆ, ಸೊರಗಿದವನ್ನು ಇನ್ನೊಂದು ಕಡೆ ಸರಿಸುತ್ತಾರೆ.

"ಕಚ್ಚಂಗಿಲ್ರಿ, ಒಳಗ ಬರ್ರಿ," ಎಂದು ಹೊಸ್ತಿಲಲ್ಲೇ ಹಿಂದೆಮುಂದೆ ನೋಡುತ್ತ ನಿಂತವರನ್ನು ಕರೆಯುತ್ತಾರೆ. "ಮುಟ್ಟಿ ನೋಡ್ರಿ, ತಣ್ಣಗ ಇರ್ತಾವ. ಈ ಮನ್ಯಾಗ ತಣ್ಣಗ ಇರೋವು ಇವ ಒಂದ."

ತಮಾಷೆಗೆ ಹೇಳಿದರೂ ಮಾತು ನಿಜ. ತಗಡಿನ ಸೂರಿನ ಕೆಳಗೆ ಹೈದರಾಬಾದಿನ ಬೇಸಿಗೆ ಕಳೆಯುವುದು ಯಾರಿಗೂ ಬೇಡ. ಗಂಡ ಹೆಂಡತಿ ಬೆವರು ಒರೆಸಿಕೊಳ್ಳುತ್ತ ಮಲಗುತ್ತಾರೆ, ಹುಳದ ಟ್ರೇಗಳಿಗೆ ಮಾತ್ರ ಸುತ್ತಲೂ ಒದ್ದೆ ಗೋಣಿತಟ್ಟಿನ ಪರದೆ. ಮನೆಯಲ್ಲಿರುವ ಒಂದೇ ಟೇಬಲ್ ಫ್ಯಾನು ಕೂಡ ಅವುಗಳ ಕಡೆಗೇ ಮುಖ ಮಾಡಿದೆ. ಟ್ರೇ ಜೋಡಿಸಿದ ಸ್ಟ್ಯಾಂಡಿನ ನಾಲ್ಕೂ ಕಾಲುಗಳು ನೀರಿನ ಬಟ್ಟಲುಗಳಲ್ಲಿ ನಿಂತಿವೆ, ಇರುವೆ ಹತ್ತಬಾರದು ನೋಡಿ. ಬೆಲ್ಲದ ಡಬ್ಬಿಯನ್ನು ಕಾಯಲು ನಮ್ಮ ಅಜ್ಜಿಯರು ಮಾಡುತ್ತಿದ್ದ ಉಪಾಯವೇ ಇಲ್ಲಿ ಹುಳ ಕಾಯುತ್ತಿದೆ.

ಇವು ಮೀಲ್‌ವರ್ಮ್‌ಗಳು. ಕಾಳು, ಹಿಟ್ಟು, ಬೂಸಾದಲ್ಲಿ ಬೆಳೆಯುವ ಒಂದು ಜಾತಿಯ ದುಂಬಿಯ ಮರಿಗಳು. ಪಂಜರದ ಹಕ್ಕಿಗಳಿಗೆ ಇವೆಂದರೆ ಪ್ರಾಣ. ಸಾಬಮ್ಮ ಇವನ್ನು ಮನೆಯಲ್ಲೇ ಸಾಕಿ, ಹಾಲು ಹಾಕುವವರ ಹಾಗೆ ಬೆಳಗಿನ ಹೊತ್ತು ಮನೆಮನೆಗೆ ಒಯ್ದು ಕೊಡುತ್ತಾರೆ. ಕೆಲಸ ನೋಡಿದರೆ ಕೈ ತನ್ನಷ್ಟಕ್ಕೆ ನಡೆಯುತ್ತಿದೆ. ಆದರೆ ಕೆಲವು ವಾರಗಳಿಂದ ಅವರ ಮನಸ್ಸೆಲ್ಲ ಮಿಯಾಪುರದ ಒಂದು ಅಪಾರ್ಟ್‌ಮೆಂಟಿನಲ್ಲಿದೆ. ಅಲ್ಲಿ ಕುಂಕುಮ ಎಂಬ ಹೆಸರಿನ ಹಕ್ಕಿಯೊಂದು ಹಾರುವುದನ್ನೇ ಬಿಟ್ಟು ಕೂತಿದೆ. ಅದನ್ನು ಹಾಗೆ ಕೂರಿಸಿದ್ದು ತನ್ನದೇ ಕೈ ಎಂಬ ಸಂಕಟ ಸಾಬಮ್ಮನವರದು. ಅದು ಮತ್ತೆ ಹಾರುವ ತನಕ ಆ ಮನೆಯಲ್ಲಿ ಚಹಾ ಮುಟ್ಟುವುದಿಲ್ಲ ಎಂದು ಶಪಥ ಮಾಡಿದ್ದಾರೆ. ಚಹಾ ಎಂದರೆ ಪ್ರಾಣ ಬಿಡುವ ಹೆಂಗಸಿಗೆ ಇದು ಸಣ್ಣ ಶಪಥವೇನೂ ಅಲ್ಲ.

ಅವರು ಲಿಂಗಸುಗೂರು ಕಡೆಯವರು. ಗಂಡ ತಾಯಪ್ಪ ಗೌಂಡಿ. ಹೈದರಾಬಾದಿನಲ್ಲಿ ಕಂಪನಿಗಳು ಒಂದರ ಹಿಂದೊಂದು ಏಳುತ್ತಿವೆ, ಅಲ್ಲಿ ಕೆಲಸ ಮಾಡುವವರಿಗೆ ಮನೆಗಳೂ ಏಳಬೇಕು, ಕಟ್ಟುವವರು ಬೇಕೇ ಬೇಕು ಎಂದು ಊರಿನವರು ಹೇಳಿದಾಗ ಗಂಟು ಕಟ್ಟಿಕೊಂಡು ಬಂದವರು. ಮೊದಮೊದಲು ಸಾಬಮ್ಮ ಗಂಡನ ಜೊತೆ ಇಟ್ಟಿಗೆ ಹೊತ್ತರು. ಸೊಂಟ ಹಿಡಿದುಕೊಂಡ ಮೇಲೆ ಬೇಗಂ ಬಜಾರಿನ ಕಾಳಿನ ಅಂಗಡಿಯೊಂದರಲ್ಲಿ ಕಾಳು ಹಸನು ಮಾಡುವ ಕೆಲಸಕ್ಕೆ ಸೇರಿದರು. ಬೆಳಗಿನಿಂದ ಸಂಜೆಯವರೆಗೆ ಜರಡಿ, ಮೊರ, ಧೂಳು. ಗೋಧಿಯಲ್ಲಿ ಒಂದು ಹುಳ ಉಳಿದರೂ ಸೇಟ್ ಅಂಗಡಿ ಹಾರಿಹೋಗುವಂತೆ ಕೂಗುತ್ತಿದ್ದ.

ಒಂದು ದಿನ ಹಕ್ಕಿಗೆ ನವಣೆ ಕೊಳ್ಳಲು ಬಂದ ಪಕ್ಷಿ ವ್ಯಾಪಾರಿಯೊಬ್ಬ, ಸಾಬಮ್ಮ ಗುಡಿಸಿ ಹಾಕಿದ ಕಸದ ಮುಂದೆ ಕುಕ್ಕರುಗಾಲಲ್ಲಿ ಕೂತು ಹುಳ ಹೆಕ್ಕತೊಡಗಿದ. ಇವನಿಗೆ ತಲೆ ಕೆಟ್ಟಿದೆ ಎಂದೇ ಸಾಬಮ್ಮ ತಿಳಿದರು. ಅವನು ನಕ್ಕು, ಹಕ್ಕಿಗಳಿಗೆ ಇದು ಎಂಥ ತಿನಿಸು ಎಂದು ವಿವರಿಸಿದ. ಮಾರನೆಯ ಸಲ ಬಂದಾಗ ಒಂದು ಡಬ್ಬಿಯಲ್ಲಿ ಹಿಡಿಯಷ್ಟು ಒಳ್ಳೆಯ ಜಾತಿಯ ಹುಳ ತಂದುಕೊಟ್ಟು, ಸಾಕಿ ನೋಡಮ್ಮ ಎಂದ. ಸಾಬಮ್ಮನವರ ಹೊಸ ಬಾಳು ಆ ಡಬ್ಬಿಯಿಂದ ಶುರುವಾಯಿತು.

"ಮೊದಲ ಹುಳ ತಗದು ಕಾಳು ಇಟಗೋತಿದ್ದೆ. ಈಗ ಕಾಳು ತಗದು ಹುಳ ಇಟಗೋತೀನಿ. ಜರಡಿ ಅದ, ಕೈನೂ ಅದ," ಎಂದು ನಗುತ್ತಾರೆ. ನಕ್ಕಾಗ ಮೂಗುತಿ ಅಲುಗುತ್ತದೆ.

ನಗು ಸುಲಭವಾಗಿ ಬಂದದ್ದಲ್ಲ. ಮೊದಲ ಬೇಸಿಗೆಯಲ್ಲಿ ಟ್ರೇಗೆ ಟ್ರೇಯೇ ಸತ್ತು ಕಪ್ಪಾಯಿತು. ಪಕ್ಕದ ಮನೆಯವರು ಹುಳ ನಮ್ಮ ಹಿಟ್ಟಿಗೆ ಬರುತ್ತವೆಂದು ಜಗಳಕ್ಕೆ ನಿಂತರು. ಅವರನ್ನು ಕರೆದು, ಟ್ರೇಯ ನುಣುಪು ಗೋಡೆಯನ್ನು ಹುಳ ಹತ್ತಲಾರದೆ ಜಾರಿ ಬೀಳುವುದನ್ನು ತೋರಿಸಿದ ಮೇಲೆ ಜಗಳ ನಿಂತಿತು. ಇನ್ನೊಂದು ಸಲ ಸಾಬಮ್ಮ ಊರಿಗೆ ಹೋದಾಗ, ಮನೆ ನೋಡಿಕೊಳ್ಳುತ್ತಿದ್ದ ತಾಯಪ್ಪ ಬೂಸಾದ ಚೀಲದಲ್ಲಿ ಅಚ್ಚುಕಟ್ಟಾಗಿ ಬೇವಿನ ಎಲೆ ಹಾಸಿಟ್ಟರು. ಊರಲ್ಲಿ ಜೋಳದ ಚೀಲಕ್ಕೆ ಹುಳ ಬೀಳದಿರಲೆಂದು ಎಲ್ಲರೂ ಮಾಡುವ ಕೆಲಸ, ಕೈ ಅಭ್ಯಾಸ. ಹೆಂಡತಿ ಸಾಕುತ್ತಿರುವುದೇ ಹುಳ ಎಂಬುದು ಎಲೆ ಹಾಸುವ ಹೊತ್ತಿಗೆ ನೆನಪಿಗೆ ಬರಲಿಲ್ಲ. ಆ ಮಾತು ತೆಗೆದರೆ ತಾಯಪ್ಪ ಇಂದಿಗೂ ಬೀಡಿ ಹಚ್ಚುವ ನೆಪದಲ್ಲಿ ಹೊರಗೆ ಹೋಗುತ್ತಾರೆ.

ಹುಳ ಸಾಕುವುದೂ ಒಂದು ಸಂಸಾರವೇ. ಮೊಟ್ಟೆಯೊಡೆದು ಬಂದ ಮರಿ ಹುಳಗಳಿಗೆ ಒಂದು ಟ್ರೇ, ಬೆಳೆದವಕ್ಕೆ ಒಂದು, ಮೈ ಮುದುರಿ ಬಿಳಿಚಿಕೊಂಡು ಅಲುಗದೆ ಮಲಗಿದವಕ್ಕೆ ಒಂದು, ಅವುಗಳಿಂದ ಎದ್ದು ಬರುವ ಕರಿ ದುಂಬಿಗಳಿಗೆ ಮತ್ತೊಂದು. ಸಾಬಮ್ಮ ದುಂಬಿಗಳನ್ನು "ಹಿರೇರು" ಎನ್ನುತ್ತಾರೆ. ಮಲಗಿದವನ್ನು ದಿನಾ ಹೆಕ್ಕಿ ಬೇರೆ ಇಡಲೇಬೇಕು. "ಇಲ್ಲಂದ್ರ ಎಚ್ಚರ ಇದ್ದೋವು ಮಲಗಿದ್ದೋವನ್ನ ತಿಂದ ಬಿಡ್ತಾವ್ರಿ," ಎನ್ನುತ್ತಾರೆ. ಹೈಟೆಕ್ ಸಿಟಿಯ ಕಂಪನಿಗಳಲ್ಲಿ ಕೆಲಸ ಮಾಡುವವರಿಗೆ ಈ ನಿಯಮವನ್ನು ಬಿಡಿಸಿ ಹೇಳುವ ಅಗತ್ಯವಿಲ್ಲ.

ಆ ಕಂಪನಿಯವರೇ ಸಾಬಮ್ಮನವರ ಗಿರಾಕಿಗಳು. ಹಗಲೆಲ್ಲ ಕಂಪ್ಯೂಟರಿನ ಮುಂದೆ ಕೂತು ಬಂದವರಿಗೆ ಮನೆಯಲ್ಲಿ ಸೀಟಿ ಹೊಡೆದು ಮಾತಾಡಿಸುವ ಒಂದು ಜೀವ ಬೇಕು. ನಾಯಿ ಸಾಕಲು ಅಪಾರ್ಟ್‌ಮೆಂಟಿನವರು ಬಿಡುವುದಿಲ್ಲ, ನಮ್ಮ ಕಾಡಿನ ಗಿಳಿ ಸಾಕಲು ಕಾನೂನು ಬಿಡುವುದಿಲ್ಲ. ಹೀಗಾಗಿ ಹೊರದೇಶದ ಮೂಲದ ಲವ್‌ಬರ್ಡ್, ಫಿಂಚ್, ಜುಟ್ಟಿನ ಕಾಕಟೀಲ್ ಹಕ್ಕಿಗಳು ಬಾಲ್ಕನಿಗಳಲ್ಲಿ ಬಂದು ಕೂತಿವೆ. ಅವುಗಳ ಬೆನ್ನಿಗೆ ಸಾಬಮ್ಮ ಬಂದರು. ಮಿಯಾಪುರದ ಕಾವಲುಗಾರರು ಅವರನ್ನು ತೆಲುಗಿನಲ್ಲಿ "ಪುರುಗುಲಮ್ಮ" ಎನ್ನುತ್ತಾರೆ, ಹುಳದಮ್ಮ ಎಂದು. ಸಾಬಮ್ಮನವರಿಗೆ ಬೇಸರವಿಲ್ಲ. ತಾಯಪ್ಪನವರಿಗಂತೂ ಹೆಮ್ಮೆ. "ಆ ಬಿಲ್ಡಿಂಗಿಗೆ ಇಟ್ಟಂಗಿ ಇಟ್ಟಾಂವ ನಾನು. ಕಟ್ಟಿದ ಮ್ಯಾಲ ಗೇಟಿನಾಗ ಬಿಡಂಗಿಲ್ಲ ನನ್ನ. ಇಕಿ ದಿನಾ ಲಿಫ್ಟಿನಾಗ ಮ್ಯಾಲ ಹೊಕ್ಕಾಳ ನೋಡ್ರಿ," ಎನ್ನುತ್ತಾರೆ.

ಸಾಬಮ್ಮನವರ ಅಳತೆ ಒಂದು ಹಳೆಯ ಸ್ಟೀಲ್ ಚಟಾಕು. ಅದರ ತುಂಬ ಹುಳ ಅಳೆದು ಗಿರಾಕಿಯ ಡಬ್ಬಿಗೆ ಸುರಿಯುತ್ತಾರೆ. ಆಮೇಲೆ ಕೈ ತಾನಾಗಿ ಮತ್ತೆ ತಮ್ಮ ಡಬ್ಬಿಗಿಳಿದು ಇನ್ನೊಂದು ಹಿಡಿ ಎತ್ತಿ ಮೇಲೆ ಹಾಕುತ್ತಿತ್ತು. ಕೊಸರು! ಅಳತೆ ಮುಗಿದ ಮೇಲೆ ಮಾರುವವರು ಮನಸ್ಸಿನಿಂದ ಹಾಕುವ ಆ ಮೇಲೊಂದಿಷ್ಟು. ಸಾಬಮ್ಮನವರ ತಾಯಿ ಶರಣಬಸಮ್ಮ ಊರ ಸಂತೆಯಲ್ಲಿ ಸೊಪ್ಪು ಮಾರಿ ಮಕ್ಕಳನ್ನು ಸಾಕಿದವರು. ಒಂದು ಕಟ್ಟು ಮೆಂತ್ಯ ಕೊಂಡವರ ಚೀಲಕ್ಕೂ ನಾಲ್ಕು ಎಸಳು ಕೊತ್ತಂಬರಿ ಹಾಕದೆ ಕಳಿಸಿದವರಲ್ಲ. "ಅಳತಿ ಗಿರಾಕಿದು, ಕೊಸರು ನಮ್ಮದು ಅಂತಿದ್ಳು ನಮ್ಮವ್ವ. ಕೊಸರು ಹಾಕಲಿಲ್ಲಂದ್ರ ನನಗ ರೊಟ್ಟಿ ಗಂಟಲಾಗ ಇಳಿಯಂಗಿಲ್ರಿ," ಎನ್ನುತ್ತಾರೆ ಸಾಬಮ್ಮ.

ಎಡವಟ್ಟಾದದ್ದು ಈ ಕೊಸರಿನಿಂದಲೇ.

ಮಿಯಾಪುರದ ಬಸವಲಿಂಗಪ್ಪ ಕೇಂದ್ರ ಸರ್ಕಾರದ ರಕ್ಷಣಾ ಕಾರ್ಖಾನೆಯೊಂದರಲ್ಲಿ ದುಡಿದು ನಿವೃತ್ತರಾದವರು. ಅವರ ಮಗಳು ಲಹರಿ ಕಂಪನಿಯ ಗೆಳತಿಯರನ್ನು ನೋಡಿ ಒಂದು ಕಾಕಟೀಲ್ ಹಕ್ಕಿ ತಂದಳು. ತಂದದ್ದು ಮಗಳು, ಸಾಕಿದ್ದು ಅಪ್ಪ. ಕೆನ್ನೆಯ ಮೇಲೆ ದುಂಡಗಿನ ಕೇಸರಿ ಮಚ್ಚೆ ಇದ್ದುದರಿಂದ ತಾಯಿ ಪ್ರೇಮಾ ಅದಕ್ಕೆ ಕುಂಕುಮ ಎಂದು ಹೆಸರಿಟ್ಟರು. ಹಳೆಯ ಪುಕ್ಕ ಉದುರಿ ಹಕ್ಕಿ ಸೊರಗಿದಾಗ ಯಾರೋ ಹೇಳಿ ಸಾಬಮ್ಮನವರನ್ನು ಕರೆಸಿದರು. ಹುಳ ತಿಂದ ಮೇಲೆ ಹೊಸ ಪುಕ್ಕ ಮಿರಮಿರ ಮಿಂಚುತ್ತ ಬಂತು. ಬಸವಲಿಂಗಪ್ಪ ಹಿರಿಹಿರಿ ಹಿಗ್ಗಿದರು.

ಆದರೆ ಪ್ರೇಮಾ ಅಪ್ಪಟ ಸಸ್ಯಾಹಾರಿ. ತತ್ತಿಯ ವಾಸನೆಗೂ ಕಿಟಕಿ ತೆಗೆಯುವವರು. ಉಳಿದ ಮನೆಗಳಲ್ಲಿ ಹುಳದ ಡಬ್ಬಿಯನ್ನು ಫ್ರಿಜ್ಜಿನಲ್ಲಿಟ್ಟು ವಾರಗಟ್ಟಲೆ ಬಳಸುತ್ತಾರೆ, ತಂಪಿಗೆ ಹುಳ ಸುಮ್ಮನೆ ಮಲಗಿರುತ್ತವೆ. ಈ ಮಾತು ಕೇಳಿದ್ದೇ ಪ್ರೇಮಾ ಕೈ ಮುಗಿದರು. "ಫ್ರಿಜ್ಜಿನಾಗ ಹುಳಾ ಇಟ್ರ ನಾ ತವರಿಗೆ ಹೊಂಟೆ ಅಂತ ತಿಳಕೋರಿ!" ಎಂದು ಗಂಡನಿಗೆ ಹೇಳಿಬಿಟ್ಟರು. ಮನೆಯ ಕಾಯ್ದೆಯೂ ಆಯಿತು: ಸಾಬಮ್ಮನವರ ದೊಡ್ಡ ಡಬ್ಬಿ ಹೊಸ್ತಿಲು ದಾಟಕೂಡದು, ಹೊಸ್ತಿಲು ದಾಟಿದ ಹುಳ ಸೂರ್ಯ ಮುಳುಗುವ ಮೊದಲು ಖಾಲಿಯಾಗಬೇಕು.

ಇನ್ನು ಬಸವಲಿಂಗಪ್ಪ. ತಟ್ಟೆಯಲ್ಲಿ ಒಂದು ಅಗುಳು ಬಿಟ್ಟವರಲ್ಲ, ಬಿಡಗೊಟ್ಟವರೂ ಅಲ್ಲ. ಊಟ ಮುಗಿಸಿ ತಟ್ಟೆಗೆ ನೀರು ಹಾಕಿ ಕುಡಿಯುವ ಮನೆತನ. ಹಾಕಿಸಿಕೊಂಡದ್ದನ್ನು ಚೆಲ್ಲುವುದು ಅವರಿಗೆ ಆಗದ ಮಾತು. ಸಾಬಮ್ಮ ಚಟಾಕಿನ ಮೇಲೆ ಹಿಡಿ ಕೊಸರು ಹಾಕಿದರು, ಪ್ರೇಮಾ ಉಳಿಸಗೊಡಲಿಲ್ಲ, ಬಸವಲಿಂಗಪ್ಪ ಚೆಲ್ಲಲಿಲ್ಲ. ಹುಳವೆಲ್ಲ ಹೋದದ್ದು ಒಂದೇ ಕಡೆಗೆ. ಮೂವರೂ ತಂತಮ್ಮ ಒಳ್ಳೆಯತನ ಬಿಡಲಿಲ್ಲ, ನಡುವೆ ಸಿಕ್ಕಿದ್ದು ಕುಂಕುಮ.

ಹಕ್ಕಿಗೇನು, ಎರಡೂ ಹೊತ್ತು ಹಬ್ಬ. ನವಣೆ ಮೂಸುವುದನ್ನೂ ಬಿಟ್ಟಿತು. ಎದೆ ದುಂಡಗಾಯಿತು, ಪಂಜರದ ಮೇಲಿನ ಕೋಲು ಬಿಟ್ಟು ಕೆಳಗಿಳಿಯಿತು. ಕೊನೆಗೆ ನೆಲದ ಮೇಲೆ ಕೋಳಿಯಂತೆ ಓಡಾಡತೊಡಗಿತು. ಆಮೇಲೆ ಓಡಾಟವೂ ನಿಂತು, ಪುಕ್ಕ ಉಬ್ಬಿಸಿಕೊಂಡು ಮೂಲೆ ಹಿಡಿಯಿತು.

ಒಂದು ಬೆಳಿಗ್ಗೆ ಸಾಬಮ್ಮ ಗಂಟೆ ಒತ್ತಿದಾಗ ಬಸವಲಿಂಗಪ್ಪ ಬಾಗಿಲು ತೆಗೆದು, "ಇವತ್ತ ಹುಳಾ ಬ್ಯಾಡವಾ. ಹಕ್ಕಿಗೆ ಆರಾಮಿಲ್ಲ. ಡಾಕ್ಟರ ಕಡೆ ಹೊಂಟೀನಿ," ಎಂದರು. ಸಾಬಮ್ಮ ಬಾಗಿಲಿನಿಂದಲೇ ಒಳಗೆ ಇಣುಕಿದರು. ಕುಂಕುಮವನ್ನು ಕಂಡವರೇ ಡಬ್ಬಿಯನ್ನು ಕಾವಲುಗಾರನ ಕೋಣೆಯಲ್ಲಿಟ್ಟು, "ನಾನೂ ಬರ್ತೀನ್ರಿ ಅಪ್ಪಾರ," ಎಂದು ಅವರ ಜೊತೆ ಆಟೊ ಹತ್ತಿದರು. ಉಳಿದ ಗಿರಾಕಿಗಳು ಅಂದು ಕಾದರು.

ಪಕ್ಷಿ ವೈದ್ಯೆ ಶಾಂಭವಿ ಬೀದರ ಮೂಲದವರು. ಹಕ್ಕಿಯನ್ನು ತೂಗಿ, ಎದೆಯ ಎಲುಬು ಮುಟ್ಟಿ ನೋಡಿ, ದಿನಕ್ಕೆಷ್ಟು ಹುಳ ಎಂದು ಕೇಳಿದರು. ಬಸವಲಿಂಗಪ್ಪ ಅಂಗೈಯನ್ನು ಬಟ್ಟಲು ಮಾಡಿ ತೋರಿಸಿದರು. ಶಾಂಭವಿ ಆಗ ಹೇಳಿದ್ದು ಸಾಬಮ್ಮನವರಿಗೆ ಇಂದಿಗೂ ಬಾಯಿಪಾಠ.

"ಹುಳಾ ಕೆಟ್ಟದ್ದಲ್ರಿ. ಪ್ರೋಟೀನ್ ಭಾಳ ಅದ. ಪುಕ್ಕ ಅಂಬೋದು ಪ್ರೋಟೀನಿಂದನೇ ಆಗೋದು, ಅದಕ್ಕ ಹೊಸ ಪುಕ್ಕ ಬರೋ ಮುಂದ, ಮರಿ ಸಾಕೋ ಮುಂದ ನಾಕು ಹುಳಾ ಹೆಚ್ಚಿಗಿ ಕೊಟ್ರ ಛಲೋನೇ. ಆದ್ರ ಅದ್ರಾಗ ಕೊಬ್ಬೂ ಅಷ್ಟೇ ಅದ. ಎಲುಬಿಗಿ ಬೇಕಾಗೋ ಸುಣ್ಣದ ಅಂಶ ಇಲ್ಲೇ ಇಲ್ಲ ಅನ್ರಿ. ಕಾಳು ತಿನ್ನೋ ಹಕ್ಕಿಗಿ ವಾರದಾಗ ಒಂದೆರಡು ಸಲ ಎರಡು ಮೂರು ಹುಳಾ ಸಾಕು. ಹೋಳಿಗಿ ಇದ್ದಂಗ ಅದು. ಹಬ್ಬಕ್ಕ ತಿಂದ್ರ ರುಚಿ, ದಿನಾ ಅದೇ ತಿಂದ್ರ ಏನಾಗ್ತದ? ಈಗ ಇದರ ಲಿವರಿಗಿ ಕೊಬ್ಬು ಹತ್ತ್ಯದ. ಹುಳಾ ನಿಲ್ಲಸ್ರಿ, ಸೊಪ್ಪು ತಿನಸ್ರಿ, ಮೈ ಆಡಸ್ರಿ. ಹಾರಿತಂದ್ರ ಉಳೀತದ."

"ಹಾರಲಿಲ್ಲಂದ್ರ?" ಎಂದು ಸಾಬಮ್ಮ ಕೇಳಿದರು. ವೈದ್ಯೆ ಹಕ್ಕಿಯ ಜುಟ್ಟು ಸವರಿದರು.

ಬರುವಾಗ ಆಟೊದಲ್ಲಿ ಸಾಬಮ್ಮ ಅತ್ತೇ ಬಿಟ್ಟರು. "ಹೋಳಿಗಿ ಮ್ಯಾಲ ಹೋಳಿಗಿ ಬಡಿಸಿದಾಕಿ ನಾನ ಅಲ್ಲೇನ್ರಿ," ಎಂದರು. ಬಸವಲಿಂಗಪ್ಪ, "ತಿನಿಸಿದಾಂವ ನಾನವಾ. ಮನ್ಯಾಗಿನಾಕಿದೂ ಒಂದ ಪಾಲು ಐತಿ, ಅದನ್ನ ಆಕಿ ಮುಂದ ಹೇಳಬ್ಯಾಡ," ಎಂದು ಸಮಾಧಾನ ಮಾಡಿದರು. ಅಂದೇ ಸಾಬಮ್ಮ ಶಪಥ ಮಾಡಿದ್ದು. ಮರುದಿನದಿಂದ ಉಳಿದ ಮನೆಗಳಿಗೂ ಹೋಗಿ, ಹುಳ ಎಷ್ಟು ಹಾಕುತ್ತೀರಿ ಎಂದು ಕೇಳಿ, ಕಡಿಮೆ ಮಾಡಿ ಎಂದು ತಾವೇ ಹೇಳಿದರು. ಮಾರುವವರೇ ಕಡಿಮೆ ಕೊಳ್ಳಿ ಎನ್ನುವುದನ್ನು ಕೇಳಿ ಗಿರಾಕಿಗಳು ಕಣ್ಣು ಕಣ್ಣು ಬಿಟ್ಟರು. ಚಟಾಕಿನ ಮೇಲೆ ಹೋಗುತ್ತಿದ್ದ ಕೈಯನ್ನು ಪ್ರತಿ ಮನೆಯ ಮುಂದೆಯೂ ಹಿಡಿದು ನಿಲ್ಲಿಸಬೇಕಾಯಿತು. ಕೊಸರಿಲ್ಲದ ಅಳತೆ ಹಾಕಿ ಲಿಫ್ಟ್ ಇಳಿಯುವಾಗ ಯಾರದೋ ಪಾಲು ಕಿತ್ತುಕೊಂಡು ಬಂದಂತೆ ಅನಿಸುತ್ತಿತ್ತಂತೆ.

ತಾಯಿಗೆ ಈ ವಿಷಯ ಹೇಳಿರಲಿಲ್ಲ. ತಾಯಪ್ಪ ಫೋನಿನಲ್ಲಿ ಬಾಯಿಬಿಟ್ಟರು. ಶರಣಬಸಮ್ಮ ಮಗಳನ್ನು ಫೋನಿಗೆ ಕರೆದು ಚೆನ್ನಾಗಿ ತರಾಟೆಗೆ ತೆಗೆದುಕೊಂಡರು. ಆ ಮಾತುಕತೆಯನ್ನು ಸಾಬಮ್ಮ ತಾಯಿಯ ದನಿಯಲ್ಲೇ ಮಾಡಿ ತೋರಿಸುತ್ತಾರೆ.

"ಕೊಸರು ಬಿಟ್ಟೀಯಂತಲ್ಲ, ಹೌದನು?"

"ಹಕ್ಕಿ ಸಾಯಾಕತ್ತೈತಬೇ ಯವ್ವಾ. ಹುಳ ಹೆಚ್ಚಾಗಿ."

"ಹುಳ ಹೆಚ್ಚಾದ್ರ ಹುಳ ಹಾಕಬ್ಯಾಡ. ಹುಳದ ಕೊಸರು ಹುಳಾನ ಇರಬೇಕಂತ ಯಾರು ಹೇಳ್ಯಾರ? ನಾ ಮೆಂತೆ ಮಾರಿ ಕೊತ್ತಂಬರಿ ಕೊಸರು ಹಾಕತಿದ್ದಿಲ್ಲೇನು? ಸೊಪ್ಪು ಹಾಕು. ನುಗ್ಗಿ ಸೊಪ್ಪು ಹಾಕು. ನಿನ್ನ ಬಾಣಂತನದಾಗ ಎಲುಬು ಗಟ್ಟಿ ಆಗ್ಲೆಂತ ನಿನಗ ಅದನ್ನ ತಿನಿಸೀನಿ."

ಫೋನಿಟ್ಟ ಸಾಬಮ್ಮ ಮೊದಲು ಓಡಿದ್ದು ಶಾಂಭವಿಯವರ ಆಸ್ಪತ್ರೆಗೆ. ಈ ಸಲ ಕೇಳದೆ ಏನನ್ನೂ ಹಾಕುವ ಧೈರ್ಯವಿರಲಿಲ್ಲ. ನುಗ್ಗೆ ಎಲೆಯ ಹೆಸರು ಕೇಳಿ ವೈದ್ಯೆಯ ಮುಖ ಅರಳಿತು. ಹುಳದಲ್ಲಿ ಇಲ್ಲದ ಸುಣ್ಣದ ಅಂಶ ಆ ಎಲೆಯಲ್ಲಿ ಧಾರಾಳವಾಗಿದೆ, ತೊಳೆದು ಕೊಡಿ ಎಂದರು. ಹುಳಗಳಿಗೂ ಬರೀ ಬೂಸಾ ಸಾಲದು, ಗಜ್ಜರಿ (ಕ್ಯಾರೆಟ್), ಸೊಪ್ಪು ತಿನ್ನಿಸಿ ಕಳಿಸಿದರೆ ಅದರ ಸತ್ವ ಹಕ್ಕಿಗೂ ಹೋಗುತ್ತದೆ ಎಂದೂ ಹೇಳಿಕೊಟ್ಟರು. ಅಂದಿನಿಂದ ಸಾಬಮ್ಮನವರ ಟ್ರೇಗಳಲ್ಲಿ ಗಜ್ಜರಿಯ ತುಂಡುಗಳು ಬಂದವು, ಕೈಚೀಲದಲ್ಲಿ ಒದ್ದೆ ಬಟ್ಟೆ ಸುತ್ತಿದ ನುಗ್ಗೆ ಎಸಳುಗಳು ಬಂದವು. ಓಣಿಯ ಕೊನೆಯಲ್ಲಿ ಕಾರ್ಖಾನೆಯೊಂದರ ಗೋಡೆಯಾಚೆ ನುಗ್ಗೆ ಮರವಿದೆ. ಅಲ್ಲಿಯ ಕಾವಲುಗಾರ ಹುಲಗೇಶ ಕೊಪ್ಪಳದ ಕಡೆಯವನು, ಬೆಳಿಗ್ಗೆ ಒಂದು ಕೊಂಬೆ ಬಗ್ಗಿಸಿ ಹಿಡಿದು ನಿಂತಿರುತ್ತಾನೆ.

ಕುಂಕುಮ ಮಾತ್ರ ಸೊಪ್ಪಿಗೆ ಮುಖ ತಿರುಗಿಸಿತು. ಹೋಳಿಗೆ ಉಂಡ ಬಾಯಿ ಅಲ್ಲವೇ. ಸಾಬಮ್ಮ ಪಟ್ಟು ಬಿಡಲಿಲ್ಲ. ದಿನಾ ಉಳಿದ ಮನೆಗಳ ಕೆಲಸ ಮುಗಿಸಿ, ಡಬ್ಬಿಯನ್ನು ಹೊಸ್ತಿಲ ಹೊರಗಿಟ್ಟು, ಕೈ ತೊಳೆದು ಒಳಗೆ ಹೋಗುತ್ತಾರೆ. ಬಸವಲಿಂಗಪ್ಪ ಕಿಟಕಿ ಮುಚ್ಚುತ್ತಾರೆ, ಫ್ಯಾನು ನಿಲ್ಲಿಸುತ್ತಾರೆ, ಪಂಜರದ ಬಾಗಿಲು ತೆಗೆಯುತ್ತಾರೆ. ಸಾಬಮ್ಮ ನುಗ್ಗೆಯ ಎಸಳನ್ನು ಬಟ್ಟೆ ಒಣಹಾಕುವ ಕ್ಲಿಪ್ಪಿನಿಂದ ಪಂಜರದ ಹೊರಗೆ ಸಿಕ್ಕಿಸುತ್ತಾರೆ. ಮೊದಲ ವಾರ ಹಕ್ಕಿ ಅದರ ಕಡೆ ನೋಡಲೂ ಇಲ್ಲ. ಆಮೇಲೆ ಒಂದು ದಿನ ಒಂದು ಎಲೆ ಕಿತ್ತು ಉಗುಳಿತು. "ಉಗುಳಿದ್ರೂ ಬಾಯಾಗ ಇಟ್ಟೈತಲ್ರಿ!" ಎಂದು ಸಾಬಮ್ಮ ಓಣಿಯವರಿಗೆಲ್ಲ ಹೇಳಿಕೊಂಡು ತಿರುಗಿದರು.

ಎಲೆಯ ರುಚಿ ಹತ್ತಿದ ಮೇಲೆ ಕ್ಲಿಪ್ಪು ದಿನದಿನಕ್ಕೂ ಮೇಲೇರಿತು. ಪಂಜರದ ನಡುವಿಗೆ, ನೆತ್ತಿಗೆ, ಅಲ್ಲಿಂದ ಕುರ್ಚಿಯ ಬೆನ್ನಿಗೆ. ಕುಂಕುಮ ಕೊಕ್ಕಿನಿಂದ ಸರಳು ಕಚ್ಚಿ ಹತ್ತುತ್ತದೆ, ಏದುಸಿರು ಬಿಡುತ್ತದೆ, ಎಲೆ ತಿನ್ನುತ್ತದೆ. ಕುರ್ಚಿಗೆ ಮೊನ್ನೆ ಕುಪ್ಪಳಿಸಿತು. ಆದರೆ ರೆಕ್ಕೆ ಬಿಚ್ಚಿಲ್ಲ. ಪ್ರೇಮಾ ದಿನಾ ಚಹಾದ ಕಪ್ಪು ಹಿಡಿದು ಬರುತ್ತಾರೆ, ಸಾಬಮ್ಮ ದಿನಾ "ಬ್ಯಾಡ್ರಿ ಅಮ್ಮಾರ" ಎನ್ನುತ್ತಾರೆ. ಆ ಚಹಾವನ್ನು ಬಸವಲಿಂಗಪ್ಪನವರೇ ಕುಡಿಯಬೇಕು, ಚೆಲ್ಲುವಂತಿಲ್ಲವಲ್ಲ.

ಇವತ್ತಿನ ಬೆಳಗೂ ಹಾಗೆಯೇ ಸಾಗುತ್ತದೆ. ಹುಳ ಜರಡಿ ಹಿಡಿದಾಯಿತು, ಸಣ್ಣ ಡಬ್ಬಿಗಳಿಗೆ ತುಂಬಿದ್ದಾಯಿತು, ಹುಲಗೇಶನ ಕೊಂಬೆಯಿಂದ ಎಸಳು ಮುರಿದಾಯಿತು. ಶೇರ್ ಆಟೊದಲ್ಲಿ ಪಕ್ಕ ಕೂತ ಹೆಂಗಸು ಡಬ್ಬಿಯಲ್ಲೇನಮ್ಮ ಎಂದು ಕೇಳುತ್ತಾಳೆ. "ಬೂಸಾ," ಎನ್ನುತ್ತಾರೆ ಸಾಬಮ್ಮ ಕಣ್ಣು ಮಿಟುಕಿಸಿ. ಒಮ್ಮೆ ನಿಜ ಹೇಳಿ ಆಟೊ ಪೂರ್ತಿ ಖಾಲಿಯಾದದ್ದು ಅವರಿಗೆ ನೆನಪಿದೆ. ಮಿಯಾಪುರದಲ್ಲಿ ಇಳಿದರೆ ಮೆಟ್ರೊ ಕಡೆಗೆ ಬ್ಯಾಗು ಹೊತ್ತ ಜನರ ಹೊಳೆ. ಅದರ ಎದುರು ದಿಕ್ಕಿಗೆ ಒಂದು ಹಸಿರು ಸೀರೆ ಡಬ್ಬಿ ಹಿಡಿದು ನಡೆಯುತ್ತದೆ. ಮನೆಮನೆಗೂ ಕೆಲವೇ ಹುಳ, ಜೊತೆಗೊಂದು ನುಗ್ಗೆ ಎಸಳು. "ಇದು ಕೊಸರ್ರಿ," ಎಂದು ಮರೆಯದೆ ಹೇಳುತ್ತಾರೆ.

ಕೊನೆಯ ಮನೆ ಬಸವಲಿಂಗಪ್ಪನವರದು. ಇಂದು ಮನೆಯವರೇ ಮೊದಲು ಸಿದ್ಧವಾಗಿದ್ದಾರೆ, ಕಿಟಕಿ ಮುಚ್ಚಿದೆ, ಫ್ಯಾನು ನಿಂತಿದೆ, ಕುಂಕುಮ ಪಂಜರದ ನೆತ್ತಿಯ ಮೇಲೆ ಕೂತಿದೆ. ಸಾಬಮ್ಮ ಹೊಸ್ತಿಲ ಹೊರಗೆ ಬಗ್ಗಿ ಡಬ್ಬಿ ಇಡುತ್ತಾರೆ. ಮುಚ್ಚಳ ಸ್ವಲ್ಪ ಸರಿದು ಒಳಗಿನ ಹುಳ ಕಾಣುತ್ತದೆ. ಎಡಗೈಯಲ್ಲಿ ನುಗ್ಗೆ ಎಸಳು, ಕ್ಲಿಪ್ಪು ಇನ್ನೂ ಸೆರಗಿನ ಗಂಟಿನಲ್ಲಿ. ಗಂಟು ಬಿಚ್ಚಲು ಅವರು ತಲೆ ತಗ್ಗಿಸುತ್ತಾರೆ.

ಕೋಣೆಯಲ್ಲಿ ಪಟಪಟ ಸದ್ದು. ಬಸವಲಿಂಗಪ್ಪ "ಹೋ!" ಎನ್ನುತ್ತಾರೆ. ಬೂದು ರೆಕ್ಕೆಗಳು ಸೋಫಾ ದಾಟಿ, ಟಿವಿ ದಾಟಿ, ಒಂದು ಸಲ ಜೋಲಿ ಹೊಡೆದು, ಸೀದಾ ಬಾಗಿಲಿಗೆ ಬಂದು ಸಾಬಮ್ಮನವರ ಮಣಿಕಟ್ಟಿನ ಮೇಲೆ ಇಳಿಯುತ್ತವೆ. ಬಳೆಗಳು ಝಲ್ಲೆನ್ನುತ್ತವೆ. ಕಾಲ ಬುಡದಲ್ಲೇ ಹುಳದ ಡಬ್ಬಿ ತೆರೆದಿದೆ. ಕುಂಕುಮ ಅದರ ಕಡೆ ಒಂದು ಸಲ ಕತ್ತು ವಾಲಿಸಿ ನೋಡುತ್ತದೆ. ಆಮೇಲೆ ಜುಟ್ಟು ನಿಮಿರಿಸಿ, ನುಗ್ಗೆಯ ಒಂದು ಎಲೆ ಕಿತ್ತು ತಿನ್ನುತ್ತದೆ. ಇನ್ನೊಂದು ಕೀಳುತ್ತದೆ.

ಸಾಬಮ್ಮ ಅಲುಗುವುದಿಲ್ಲ. ಅವರ ಕಣ್ಣಿನಿಂದ ನೀರು ಇಳಿಯುತ್ತಿದೆ, ಒರೆಸಿಕೊಳ್ಳಲು ಕೈ ಬಿಡುವಿಲ್ಲ. ಪ್ರೇಮಾ ಓಡಿ ಬಂದು ತಮ್ಮ ಸೆರಗಿನಿಂದಲೇ ಒರೆಸುತ್ತಾರೆ.

"ಒಳಗ ಬಾ. ಅಲ್ಲೇ ಯಾಕ ನಿಂತಿ?"

"ಡಬ್ಬಿ ಮುಚ್ಚಿಲ್ರಿ ಅಮ್ಮಾರ."

"ಡಬ್ಬಿ ತಗೊಂಡ ಬಾ ಅಂದ್ನೆಲ್ಲ," ಎನ್ನುತ್ತಾರೆ ಪ್ರೇಮಾ. ಹಾಗೆ ಅವರು ಅಂದೇ ಇರಲಿಲ್ಲ. ಸಾಬಮ್ಮ ಹಿಂದೆಮುಂದೆ ನೋಡುವುದನ್ನು ಕಂಡು ತಾವೇ ಬಗ್ಗಿ, ಮುಖ ಆಚೆ ತಿರುಗಿಸಿಕೊಂಡು, ಎರಡು ಬೆರಳಲ್ಲಿ ಮುಚ್ಚಳ ಸರಿಮಾಡಿ, ಡಬ್ಬಿಯನ್ನು ಎತ್ತಿ ಒಳಗೆ ತಂದಿಡುತ್ತಾರೆ. ಫ್ರಿಜ್ಜಿನ ಪಕ್ಕಕ್ಕೆ. ಒಳಗಲ್ಲ, ಅಷ್ಟು ದೂರ ಅವರಿನ್ನೂ ಬಂದಿಲ್ಲ.

ಚಹಾ ಬರುತ್ತದೆ. ಹಕ್ಕಿಯನ್ನು ಭುಜದ ಮೇಲೆ ಕೂರಿಸಿಕೊಂಡು ಸಾಬಮ್ಮ ಕಪ್ಪು ಹಿಡಿದು ಒಂದೊಂದೇ ಗುಟುಕು ಹೀರುತ್ತಾರೆ. ಇಷ್ಟು ದಿನದ ಬಾಕಿ ಎಂಬಂತೆ ಕಣ್ಣು ಮುಚ್ಚಿಕೊಳ್ಳುತ್ತಾರೆ. ಮುಂದೇನು ಆಸೆ ಎಂದು ಕೇಳಿದರೆ ಕಣ್ಣು ತೆರೆಯುತ್ತಾರೆ.

"ಓಣ್ಯಾಗ ಒಂದು ನುಗ್ಗಿ ಗಿಡ ಹಚ್ಚಬೇಕ್ರಿ. ಹುಲಗೇಶಪ್ಪ ಎಷ್ಟ ದಿನ ಕೊಂಬಿ ಹಿಡಕೊಂಡು ನಿಂದರ್ತಾನ? ಮನಿ ಮಾಲಕ ಒಂದು ಗುಣಿ ತೋಡಾಕ ಜಾಗಾ ಕೊಟ್ರ ಸಾಕು."

ಕಪ್ಪು ಖಾಲಿಯಾಗುತ್ತದೆ. ಪ್ರೇಮಾ ಏನೂ ಕೇಳದೆ ಪಾತ್ರೆಯಲ್ಲಿ ಉಳಿದಿದ್ದ ಚಹಾವನ್ನೆಲ್ಲ ಅದಕ್ಕೆ ಬಗ್ಗಿಸಿ, ಕಪ್ಪಿನ ಕೆಳಗಿನ ಬಸಿಗೂ ಇಷ್ಟು ಹರಿಸಿ ಅಡುಗೆಮನೆಗೆ ಹೋಗುತ್ತಾರೆ. ಸಾಬಮ್ಮ ಬಸಿಯಲ್ಲಿನ ಚಹಾವನ್ನು ಮೊದಲು ಕುಡಿಯುತ್ತಾರೆ. ಆಮೇಲೆ ಸೊಂಟದಿಂದ ಫೋನು ತೆಗೆದು ಊರಿಗೆ ಹಚ್ಚುತ್ತಾರೆ. ಶರಣಬಸಮ್ಮನವರಿಗೆ ಕಿವಿ ಸ್ವಲ್ಪ ಮಂದ, ಅದಕ್ಕೇ ಮಗಳು ಕೂಗಿ ಹೇಳಬೇಕು. ಕೂಗಿದ ದನಿ ಮನೆಯೆಲ್ಲ ಕೇಳುತ್ತದೆ.

"ಯವ್ವಾ, ಹುಳ ಕಾಲಬುಡಕ ಇತ್ತಬೇ! ಹಕ್ಕಿ ನಿನ್ನ ಕೊಸರಿಗೆ ಹಾರಿ ಬಂತು!"